ದಿನಾ ಬೆಳಗ್ಗೆ ಗ್ರೂಪಿಗೆ ಬೈಬಲ್ ವಚನ ಕಳಿಸ್ತೀನಿ, ಕಾಫಿ ಕಣದಲ್ಲಿ ನಿಂತಾಗ ಬಾಯಿ ಹಿಡಿತದಲ್ಲಿ ಇರಲ್ಲ. ಕಳಿಸೋದು ನಿಲ್ಲಿಸ್ಲಾ?

ಕಾಫಿ ಹೂ, ಸಿದ್ದಾಪುರ
ಎಲ್ಲರಿಗೂ ಸ್ತೋತ್ರ. ಸ್ವಲ್ಪ ಉದ್ದ ಆಗುತ್ತೆ, ಓದಿ ನಿಮಗೆ ಅನ್ಸಿದ್ದು ಹೇಳಿ.

ನಮ್ಮ ಸಭೆಯ ವಾಟ್ಸಾಪ್ ಗ್ರೂಪಿಗೆ ಬೆಳಗ್ಗೆ ಐದೂವರೆಗೆ ಒಂದು ವಚನ, ಅದರ ಕೆಳಗೆ ಧೈರ್ಯ ಹೇಳೋ ನಾಲ್ಕು ಸಾಲು ಬರೆದು ಹಾಕೋದು ನಾನು. ಕೊರೊನಾ ಟೈಮಲ್ಲಿ ಚರ್ಚ್ ಮುಚ್ಚಿದಾಗ ಶುರು ಮಾಡಿದ್ದು, ಒಂದು ದಿನಾನೂ ತಪ್ಪಿಸಿಲ್ಲ. ಕಳೆದ ಮಂಗಳವಾರ ಎಫೆಸ 4:32 ಹಾಕಿದ್ದೆ, ಒಬ್ಬರಿಗೊಬ್ಬರು ಕರುಣೆ ಇರಲಿ ಕ್ಷಮಿಸಿ ಅನ್ನೋ ಮಾತು. ಇವತ್ತು ಯಾರ ಜೊತೆನೂ ಗಟ್ಟಿಯಾಗಿ ಮಾತಾಡೋದು ಬೇಡ ಅಂತ ಕೆಳಗೆ ನಾನೇ ಬರೆದಿದ್ದೆ.

ನಮ್ಮದು ಮೂರು ಎಕರೆ ರೊಬಸ್ಟಾ ಕಾಫಿ. ಈಗ ಹಣ್ಣು ಕುಯ್ಯೋ ಟೈಮ್, ಆಳು ಸಿಗೋದೇ ಕಷ್ಟ. ಕುಯ್ಯೋಕೆ ಬರೋರಲ್ಲಿ ಒಬ್ಬರು ನಮ್ಮ ಸಭೆಯವರೇ, ನನಗಿಂತ ದೊಡ್ಡವರು, ನಾನು ಅಕ್ಕ ಅಂತ್ಲೇ ಕರೆಯೋದು. ಆವತ್ತು ಸಂಜೆ ತೂಕಕ್ಕೆ ಅವರ ಚೀಲ ಸುರಿದ್ರೆ ಅರ್ಧಕ್ಕರ್ಧ ಹಸಿರು ಕಾಯಿ. ನಂಗೆ ಎಲ್ಲಿತ್ತೋ ಸಿಟ್ಟು, ಬೇರೆ ಆರು ಜನ ನಿಂತಿದ್ರು, ಅವರ ಎದುರೇ ಕಣ್ಣು ಕಾಣಲ್ವಾ ನಿಮಗೆ, ದುಡ್ಡು ಬಿಟ್ಟಿ ಬರುತ್ತಾ ಅಂತ ಕೂಗಿಬಿಟ್ಟೆ. ತೂಕದಲ್ಲಿ ಆರು ಕೆಜಿ ಕಳೆದೂಬಿಟ್ಟೆ. ಅಕ್ಕ ಒಂದು ಮಾತು ಆಡ್ಲಿಲ್ಲ. ಕುಕ್ಕರಗಾಲಲ್ಲಿ ಕೂತು ಹಸಿರು ಬೇರೆ ಕೆಂಪು ಬೇರೆ ಮಾಡೋಕೆ ಶುರು ಮಾಡಿದ್ರು. ಬೆರಳೆಲ್ಲ ಕಾಫಿ ಅಂಟಿಗೆ ಕಪ್ಪಾಗಿತ್ತು, ಮುಂಗೈ ಮೇಲೆ ಕೆಂಜಿರುವೆ ಕಚ್ಚಿದ ದದ್ದು.

ರಾತ್ರಿ ಮರುದಿನದ ವಚನ ಹುಡುಕೋಣ ಅಂತ ಫೋನ್ ತೆಗೆದ್ರೆ, ಬೆಳಗ್ಗೆ ಹಾಕಿದ್ದಕ್ಕೆ 5.42ಕ್ಕೆ ಕೈಮುಗಿದ ಗುರುತು ಕಳಿಸಿದ್ದಾರೆ ಆ ಅಕ್ಕ. ಎಲ್ಲರಿಗಿಂತ ಮೊದಲು. ಆವತ್ತಿಂದ ವಚನ ಹಾಕೋಕೆ ಕೈ ಬರ್ತಿಲ್ಲ, ಬೇರೆಯವರು ಹಾಕಿದ್ದನ್ನ ಫಾರ್ವರ್ಡ್ ಮಾಡ್ತಿದ್ದೀನಿ. ನಿಲ್ಲಿಸಿಬಿಡ್ಲಾ?

ಹಾರಂಗಿ ನೀರು
ನಿಲ್ಲಿಸ್ಬೇಡಿ ಅಕ್ಕ. ನಿಮ್ಮ ಥರದ ಮೆಸೇಜ್ ನೋಡ್ಕೊಂಡೇ ನಾನು ಆಸ್ಪತ್ರೆ ದಿನಗಳನ್ನ ಕಳೆದಿದ್ದು.

ಗೋಣಿಕೊಪ್ಪ ಜೋ
ನನ್ನ ಪ್ರಕಾರ ನಿಲ್ಲಿಸ್ಬೇಕು. ಯಾವಾಗಲೂ ಅಲ್ಲ, ಆ ಅಕ್ಕನ ಹತ್ರ ಹೋಗಿ ಸರಿ ಮಾಡ್ಕೊಳ್ಳೋವರೆಗೆ. ಮತ್ತಾಯ 5ರಲ್ಲಿ ಸ್ಪಷ್ಟ ಇದೆ, ಕಾಣಿಕೆ ತಂದು ಯಜ್ಞವೇದಿ ಹತ್ರ ನಿಂತಾಗ ಸಹೋದರನಿಗೆ ನಿನ್ನ ಮೇಲೆ ಏನೋ ಬೇಸರ ಇದೆ ಅಂತ ನೆನಪಾದ್ರೆ ಕಾಣಿಕೆ ಅಲ್ಲೇ ಬಿಟ್ಟು ಹೋಗು, ಮೊದಲು ಒಂದಾಗು, ಆಮೇಲೆ ಬಾ ಅಂತ. ನಿಮ್ಮ ದಿನದ ವಚನವೇ ನಿಮ್ಮ ಕಾಣಿಕೆ. ಅಲ್ಲಿಡಿ, ಹೋಗಿ ಬನ್ನಿ.

ಸಂಡೇ ಸ್ಕೂಲ್ ಟೀಚರ್
ಜೋ ಅಣ್ಣ ಹೇಳಿದ್ದು ಸರಿ, ಆದ್ರೆ ಗ್ರೂಪಲ್ಲಿ ಇರೋ ಬೇರೆಯವರು ಎಂತ ಮಾಡ್ಬೇಕು? ನಮ್ಮ ಗ್ರೂಪಲ್ಲಿ ಒಬ್ಬರು ಅಜ್ಜಿ ಇದ್ದಾರೆ, ಓದೋಕೆ ಬರಲ್ಲ, ಮೊಮ್ಮಗನ ಕೈಲಿ ಓದಿಸ್ಕೊಂಡ ಮೇಲೇನೇ ಕಾಫಿ ಕುಡಿಯೋದು. ಕಳಿಸೋರ ಮನಸ್ಸು ಸರಿ ಇಲ್ಲ ಅಂತ ವಚನ ಸುಳ್ಳಾಗಲ್ಲ.

ಗೋಣಿಕೊಪ್ಪ ಜೋ
ವಚನ ಸುಳ್ಳು ಅಂತ ನಾನೆಲ್ಲಿ ಹೇಳಿದೆ ಟೀಚರ್? ಬರೆದವರ ಮನಸ್ಸಿಗೆ ಚುಚ್ತಾ ಇದೆ, ಆ ಚುಚ್ಚೋದನ್ನ ಸುಮ್ನೆ ಮುಚ್ಚಿಹಾಕ್ಬೇಡಿ ಅಂತ ಹೇಳಿದ್ದು. ಯಾಕೋಬನ ಪತ್ರಿಕೆ 3ನೇ ಅಧ್ಯಾಯ ಓದಿ, ಒಂದೇ ಬಾಯಿಂದ ದೇವರನ್ನ ಸ್ತುತಿಸ್ತೀವಿ, ಅದೇ ಬಾಯಿಂದ ದೇವರ ಹೋಲಿಕೆಯಲ್ಲಿ ಹುಟ್ಟಿದ ಮನುಷ್ಯರನ್ನ ಶಪಿಸ್ತೀವಿ, ಒಂದೇ ಬುಗ್ಗೇಲಿ ಸಿಹಿನೀರೂ ಕಹಿನೀರೂ ಬರುತ್ತಾ ಅಂತ ಕೇಳ್ತಾನೆ.

ನಿವೃತ್ತ ಮೇಷ್ಟ್ರು, ಮಡಿಕೇರಿ
ದಿನಕ್ಕೊಂದು ವಚನ ಅನ್ನೋದು ವಾಟ್ಸಾಪ್ ಬಂದ ಮೇಲಿನ ಹವ್ಯಾಸ ಅಂತ ತುಂಬ ಜನ ತಿಳ್ಕೊಂಡಿದ್ದಾರೆ. ಜರ್ಮನಿಯ ಹೆರ್ನ್‌ಹೂಟ್ ಅನ್ನೋ ಊರಲ್ಲಿ 1728ರಲ್ಲಿ ತ್ಸಿನ್‌ಸೆಂಡಾರ್ಫ್ ಅನ್ನೋ ದೊರೆ ಸಂಜೆ ಪ್ರಾರ್ಥನೇಲಿ ಮರುದಿನಕ್ಕೆ ಅಂತ ಒಂದು ವಾಕ್ಯ ಕೊಟ್ಟ. ಬೆಳಗ್ಗೆ ಎದ್ದು ಆ ವಾಕ್ಯವನ್ನ ಊರಿನ ಮನೆಮನೆ ಬಾಗಿಲಿಗೆ ಹೋಗಿ ಮುಟ್ಟಿಸ್ತಿದ್ರು. 1731ರಿಂದ ಪುಸ್ತಕ ಆಗಿ ಅಚ್ಚಾಯ್ತು, ಇವತ್ತಿಗೂ ವರ್ಷಾ ವರ್ಷ ಬರ್ತಿದೆ.

ನಾನು ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ಬಾಗಿಲಿಗೆ ಹೋಗಿ ಹೇಳೋನಿಗೆ ಒಳಗೆ ಯಾರು ಹುಷಾರಿಲ್ಲ, ಯಾರ ಮನೇಲಿ ಒಲೆ ಹೊತ್ತಿಲ್ಲ ಅಂತ ಕಣ್ಣಿಗೆ ಬೀಳುತ್ತೆ. ಫೋನಲ್ಲಿ ಅದು ಬೀಳಲ್ಲ. ತಂಗಿ, ನೀನು ಕಳಿಸೋದು ನಿಲ್ಲಿಸ್ಬೇಡ, ಆದ್ರೆ ವಾರಕ್ಕೆ ಒಂದು ಮನೆಗಾದ್ರೂ ನಡ್ಕೊಂಡು ಹೋಗಿ ಹೇಳು.

ವಿರಾಜಪೇಟೆ ಹುಡುಗ
ಮೇಷ್ಟ್ರೇ ಸೂಪರ್. ಆನಂದಪುರ ಕಟ್ಟಿದ್ದು ಕಿಟೆಲ್ ಅಲ್ವಾ? ಅವರೂ ಜರ್ಮನಿಯವರೇ ತಾನೆ.

ನಿವೃತ್ತ ಮೇಷ್ಟ್ರು, ಮಡಿಕೇರಿ
ಅಲ್ಲಪ್ಪ. ಕಿಟೆಲ್ ನಿಘಂಟಿನವರು, 1894ರದ್ದು. ಸಿದ್ದಾಪುರದ ಹತ್ರ ಆನಂದಪುರ ಕಟ್ಟಿದ್ದು ಹರ್ಮನ್ ಮೋಗ್ಲಿಂಗ್ ಅನ್ನೋ ಜರ್ಮನ್ ಮಿಷನರಿ, 1850ರ ದಶಕದಲ್ಲಿ. 1843ರ ಜುಲೈ 1ಕ್ಕೆ ಮಂಗಳೂರ ಸಮಾಚಾರ ಶುರು ಮಾಡಿದವರೂ ಅವರೇ, ಕನ್ನಡದ ಮೊದಲ ಪತ್ರಿಕೆ. ಜಮೀನಿಲ್ಲದೆ ಬೇರೆಯವರ ಗದ್ದೇಲಿ ದುಡೀತಿದ್ದವರಿಗೆ ಒಂದು ನೆಲೆ ಬೇಕು ಅಂತ ಕಟ್ಟಿದ ಊರು ಅದು. 1860ರಲ್ಲಿ ಅವರು ವಾಪಸ್ ಹೋದ್ರು, ಊರು ಉಳೀತು.

ವಿರಾಜಪೇಟೆ ಹುಡುಗ
ಥ್ಯಾಂಕ್ಸ್ ಮೇಷ್ಟ್ರೇ. ನಮ್ಮ ಸಂತ ಅನ್ನಮ್ಮ ಚರ್ಚ್ 1792ರದ್ದು, ಟಿಪ್ಪು ಸೆರೆಯಿಂದ ತಪ್ಪಿಸ್ಕೊಂಡು ಬಂದ ಕೊಂಕಣಿ ಕ್ರೈಸ್ತರಿಗೆ ದೊಡ್ಡ ವೀರರಾಜೇಂದ್ರ ಜಾಗ ಕೊಟ್ಟಿದ್ದು. ದಿಕ್ಕಿಲ್ಲದೆ ಬಂದೋರಿಗೆ ಬೇರೆ ಧರ್ಮದ ರಾಜ ನೆಲ ಕೊಟ್ಟಿದ್ದಾನೆ, ಅದರ ಮೇಲೆ ನಾವು ಇವತ್ತು ಮಂಡಿಯೂರ್ತಿದ್ದೀವಿ. ದಯೆ ಬಗ್ಗೆ ಯೋಚನೆ ಬಂದಾಗೆಲ್ಲ ನಂಗೆ ಮೊದಲು ಇದೇ ನೆನಪಾಗೋದು.

ಮೇನ್ ವಿಷಯಕ್ಕೆ ಬಂದ್ರೆ, ನಮ್ಮಲ್ಲಿ ಪಾಪನಿವೇದನೆಗೆ ಹೋದ್ರೆ ಫಾದರ್ ಕ್ಷಮೆಯ ಮಾತು ಹೇಳ್ತಾರೆ, ಆದ್ರೆ ಯಾರದ್ದಾದ್ರೂ ವಸ್ತು ತಗೊಂಡಿದ್ರೆ ವಾಪಸ್ ಕೊಡು ಅಂತಾನೂ ಹೇಳ್ತಾರೆ. ಆ ಆರು ಕೆಜಿ ದುಡ್ಡು ಕೊಟ್ಟ್ರಾ ಅಕ್ಕ?

ಕಾಫಿ ಹೂ, ಸಿದ್ದಾಪುರ
ಇಲ್ಲ ತಮ್ಮ. ಅದು ನನ್ನ ತಲೆಗೇ ಬಂದಿರಲಿಲ್ಲ, ಬೈದಿದ್ದೊಂದೇ ಕೊರೀತಿತ್ತು.

ಲೈನ್ ಮನೆ ಮಗಳು
ಈ ಪೋಸ್ಟ್ ಓದಿ ಎರಡು ದಿನ ಸುಮ್ನಿದ್ದೆ. ಇವತ್ತು ಬರೀತೀನಿ, ಖಾರ ಅನ್ಸಿದ್ರೆ ಬೇಜಾರು ಮಾಡ್ಕೋಬೇಡಿ.

ನಮ್ಮಮ್ಮ ಸುಂಟಿಕೊಪ್ಪ ಕಡೆ ತೋಟದಲ್ಲಿ ಇಪ್ಪತ್ತು ವರ್ಷ ಹಣ್ಣು ಕುಯ್ದಿದ್ದಾರೆ, ನಾನು ಹುಟ್ಟಿ ಬೆಳೆದಿದ್ದು ತೋಟದ ಆಳುಗಳಿಗೆ ಸಾಲಾಗಿ ಕಟ್ಟಿದ ಲೈನ್ ಮನೇಲೇ. ರಜೆ ದಿನ ನಾನೂ ಸೊಂಟಕ್ಕೆ ಚೀಲ ಕಟ್ಕೊಂಡು ಹೋಗ್ತಿದ್ದೆ. ಹಸಿರು ಕಾಯಿ ಯಾಕೆ ಬರುತ್ತೆ ಗೊತ್ತಾ? ಬೆಳಗ್ಗೆ ಮಂಜು, ಮೇಲೆ ಸಿಲ್ವರ್ ಮರದ ನೆರಳು, ಗೊಂಚಲಿನ ಹಿಂದಿನ ಕಡೆ ಕಾಣಲ್ಲ, ರೊಬಸ್ಟಾ ಒಂದೇ ಗೊಂಚಲಲ್ಲಿ ಕೆಂಪು ಹಸಿರು ಎರಡೂ ಇರುತ್ತೆ. ಕೂಲಿ ಕೆಜಿ ಲೆಕ್ಕ. ಒಂದೊಂದೇ ಹಣ್ಣು ಆರಿಸ್ತಾ ಕೂತ್ರೆ ಸಂಜೆಗೆ ಚೀಲ ತುಂಬಲ್ಲ, ಪೂರ್ತಿ ಗೊಂಚಲು ಎಳೆದ್ರೆ ಬೈಗುಳ. ಮನೇಲಿ ಯಾರಿಗೋ ಜ್ವರ ಇದ್ದ ದಿನ ಕೈ ಬೇಗ ಬೇಗ ಎಳೆಯುತ್ತೆ, ಬೇಗ ತುಂಬಿಸಿ ಹೋಗ್ಬೇಕು ಅಂತ. ನಮ್ಮಮ್ಮ ಹಾಗೇ ಮಾಡಿದ್ದಾರೆ, ನಾನು ಜ್ವರದಲ್ಲಿ ಮಲಗಿದ್ದ ದಿನ. ಆ ಅಕ್ಕನಿಗೆ ಆವತ್ತು ಏನಿತ್ತು ಅಂತ ನೀವು ಕೇಳಿದ್ರಾ?

ಇನ್ನೊಂದು ಮಾತು. ರಾತ್ರಿ ಅವರ ಮನೆಗೆ ಬಾಳೆಹಣ್ಣು ಬಿಸ್ಕೆಟ್ ತಗೊಂಡು ಹೋಗಿ ಮೆಲ್ಲ ಸಾರಿ ಹೇಳಿ ಬಂದುಬಿಡ್ಬೇಡಿ. ನಮ್ಮಮ್ಮನ ಹತ್ರ ಒಬ್ಬರು ಹಾಗೆ ಬಂದಿದ್ರು. ಬೈದಿದ್ದು ಎಲ್ಲರ ಎದುರು, ಕ್ಷಮೆ ಕೇಳಿದ್ದು ಕತ್ತಲಲ್ಲಿ. ಮರುದಿನ ತೋಟದಲ್ಲಿ ಬೇರೆ ಹೆಂಗಸರಿಗೆ ಅಮ್ಮ ಇನ್ನೂ ಕಳ್ಳಿಯೇ, ಯಾಕಂದ್ರೆ ಕ್ಷಮೆ ಕೇಳಿದ್ದನ್ನ ಅವರು ಯಾರೂ ಕೇಳಿಲ್ಲ. ಕೂಗಿದ ಜಾಗದಲ್ಲೇ, ಆ ಆರು ಜನ ಇರುವಾಗಲೇ ಹೇಳಿ.

ಹಾರಂಗಿ ನೀರು
ಓದಿ ಗಂಟಲು ಕಟ್ತು ತಂಗಿ.

ಗೋಣಿಕೊಪ್ಪ ಜೋ
ಇದಕ್ಕಿಂತ ಚೆನ್ನಾಗಿ ಯಾರೂ ಹೇಳೋಕೆ ಆಗಲ್ಲ. ನಾನು ಮತ್ತಾಯ 5 ಹೇಳಿದೆ, ಹೆಂಗೆ ಹೋಗ್ಬೇಕು ಅಂತ ಇವರು ಹೇಳಿದ್ರು.

ತೋಟದ ಮನೆ ಪೊನ್ನಂಪೇಟೆ
ನಾನು ಕ್ರೈಸ್ತ ಅಲ್ಲ, ಕೊಡವರು ನಾವು, ಆದ್ರೂ ತೋಟ ಇರೋನಾಗಿ ಒಂದು ಮಾತು. ತೋಟದವರ ಕಷ್ಟನೂ ಸ್ವಲ್ಪ ನೋಡಿ. ಹಸಿರು ಜಾಸ್ತಿ ಆದ್ರೆ ಒಣಗಿಸಿದಾಗ ಕರಿಬೀಜ ಆಗುತ್ತೆ, ರೇಟ್ ಬೀಳುತ್ತೆ, ನಷ್ಟ ಯಾರಿಗೆ? ಸಣ್ಣ ಬೆಳೆಗಾರರಿಗೆ ಒಂದು ಚೀಲ ಹೋದ್ರೂ ಹೊಡೆತ. ಹೇಳ್ಲೇಬೇಕು. ಆದ್ರೆ ಹೇಳೋದಕ್ಕೂ ಬೈಯೋದಕ್ಕೂ ವ್ಯತ್ಯಾಸ ಉಂಟು. ನಮ್ಮ ತಂದೆ ಬೆಳಗ್ಗೆ ಕೆಲಸ ಶುರು ಮಾಡೋಕೆ ಮುಂಚೆ ಎರಡು ಗೊಂಚಲು ಕೈಲಿ ಹಿಡಿದು ಇದು ಬೇಕು ಇದು ಬೇಡ ಅಂತ ತೋರಿಸ್ತಿದ್ರು. ಸಂಜೆ ಒಂದು ಮಾತೂ ಎತ್ತುತ್ತಿರಲಿಲ್ಲ.

ಲೈನ್ ಮನೆ ಮಗಳು
ಅಣ್ಣ ಹಾಗೆ ಬೆಳಗ್ಗೆ ತೋರಿಸಿಕೊಟ್ಟಿದ್ರೆ ನಮ್ಮಮ್ಮಂಗೆ ಎಷ್ಟೋ ಬೈಗುಳ ತಪ್ತಿತ್ತು. ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ.

ಸಂಡೇ ಸ್ಕೂಲ್ ಟೀಚರ್
ಪೊನ್ನಂಪೇಟೆ ಅಣ್ಣ ಹೇಳಿದ್ದು ಓದಿ ರೂತಳ ಪುಸ್ತಕ ನೆನಪಾಯ್ತು. ಬೋವಜ ಬೇತ್ಲೆಹೇಮಿಂದ ಹೊಲಕ್ಕೆ ಬಂದಾಗ ಮೊದಲು ನಮಸ್ಕಾರ ಹೇಳೋದು ಯಾರು? ಬೋವಜ, ಅಂದ್ರೆ ಹೊಲದ ಯಜಮಾನ! ಯೆಹೋವನು ನಿಮ್ಮ ಸಂಗಡ ಇರಲಿ ಅಂತ ಕೊಯ್ಯೋರಿಗೆ ಹೇಳ್ತಾನೆ, ಅವರು ತಿರುಗಿ ಆಶೀರ್ವಾದ ಹೇಳ್ತಾರೆ. 2ನೇ ಅಧ್ಯಾಯ 4ನೇ ವಚನ. ಅಲ್ಲಿಗೆ ನಿಲ್ಲಲ್ಲ, ರೂತಳು ಅನ್ನೋ ಬಡ ವಿಧವೆ ಹೊಲದಲ್ಲಿ ಬಿದ್ದ ತೆನೆ ಆಯ್ತಾ ಇದ್ದಾಗ ಕಟ್ಟಿಟ್ಟ ಸಿವುಡಿಂದ ಬೇಕಂತಲೇ ಒಂದಿಷ್ಟು ತೆನೆ ಎಳೆದು ಬಿಡಿ, ಅವಳನ್ನ ಗದರಿಸ್ಬೇಡಿ ಅಂತ ಆಳುಗಳಿಗೆ ಹೇಳ್ತಾನೆ. ಅವಳಿಗೆ ಯಾರೋ ಕೊಟ್ಟ್ರು ಅಂತ ಅನ್ನಿಸಬಾರದು, ನಾನೇ ದುಡಿದೆ ಅನ್ನಿಸ್ಬೇಕು. ಮಕ್ಕಳಿಗೆ ಈ ಪಾಠ ಮಾಡುವಾಗೆಲ್ಲ ನಂಗೆ ಇಷ್ಟ ಆಗೋ ಭಾಗ ಇದು. ಧರ್ಮೋಪದೇಶಕಾಂಡ 24ರಲ್ಲಿ ಎಣ್ಣೆಮರ, ಅಂದ್ರೆ ಆಲಿವ್ ಮರ, ಒಂದ್ಸಲ ಬಡಿದ ಮೇಲೆ ಉಳಿದ ಕಾಯಿಗೆ ಮತ್ತೆ ಹೋಗ್ಬೇಡ, ಅದು ಪರದೇಶಿಗೆ ಅನಾಥರಿಗೆ ವಿಧವೆಗೆ ಅಂತ ಇದೆ. ತೋಟದಲ್ಲೂ ಒಂದು ಸಾಲು ಗಿಡ ಹಾಗೆ ಬಿಡಬಹುದಲ್ಲ?

ತೋಟದ ಮನೆ ಪೊನ್ನಂಪೇಟೆ
ಟೀಚರ್ ಗಿಡದಲ್ಲಿ ಬಿಡೋಕೆ ಆಗಲ್ಲ. ಉಳಿದ ಹಣ್ಣಲ್ಲಿ, ನೆಲಕ್ಕೆ ಬಿದ್ದಿದ್ದರಲ್ಲಿ ಬೆರ್ರಿ ಬೋರರ್ ಅನ್ನೋ ಕಾಯಿಕೊರಕ ಹುಳ ಕೂತು ಮರಿ ಮಾಡುತ್ತೆ, ಮುಂದಿನ ವರ್ಷದ ಫಸಲಿಗೆ ಅದೇ ಹತ್ತುತ್ತೆ. ಕಾಯಿಕೊರಕ ಬಂದ್ರೆ ನಿಮ್ಮ ತೋಟ ಮಾತ್ರ ಅಲ್ಲ ಪಕ್ಕದವರದ್ದೂ ಹೋಗುತ್ತೆ. ಕಡೇ ಕಾಳು ತನಕ ಹೆಕ್ಕಲೇಬೇಕು.

ಸಂಡೇ ಸ್ಕೂಲ್ ಟೀಚರ್
ಓ ಹಾಗಾ, ಗೊತ್ತಿರಲಿಲ್ಲ ಅಣ್ಣ.

ಕಾಫಿ ಹೂ, ಸಿದ್ದಾಪುರ
ಅಣ್ಣ ಹೇಳಿದ್ದು ನಿಜ ಟೀಚರ್. ಆದ್ರೆ ಹೆಕ್ಕಿದ ಕಾಫಿ ಯಾರಿಗೆ ಹೋಗುತ್ತೆ ಅನ್ನೋದು ನಮ್ಮ ಕೈಲಿದೆ ಅಲ್ವಾ? ನಮ್ಮ ಮಾವ ಇರೋವರೆಗೆ ಹೆಕ್ಕಿದ್ದು ಪೂರ್ತಿ ಹೆಕ್ಕಿದವರಿಗೇ ಬಿಡ್ತಿದ್ರು. ಅವರು ಹೋದ ಮೇಲೆ ರೇಟ್ ಏರ್ತು ಅಂತ ನಾವೇ ಇಟ್ಕೊಳ್ಳೋಕೆ ಶುರು ಮಾಡಿದ್ವಿ. ಇದನ್ನ ಬರೆಯುವಾಗ್ಲೇ ನೆನಪಾಯ್ತು.

ಕುಶಾಲನಗರ ಆಟೋ
ಕಾಫಿ ರೇಟ್ ಈಗ ಎಷ್ಟು ನಡೀತಿದೆ ಯಾರಾದ್ರೂ ಹೇಳಿ, ನಮ್ಮ ಭಾವ ನಾಲ್ಕು ಚೀಲ ಚೆರ್ರಿ ಇಟ್ಕೊಂಡು ಕೂತಿದ್ದಾರೆ

ವಿರಾಜಪೇಟೆ ಹುಡುಗ
ಅಣ್ಣ ಅದಕ್ಕೆ ಬೇರೆ ಪೋಸ್ಟ್ ಹಾಕಿ.

ಮಕ್ಕಂದೂರಿನವಳು
ನಾನೂ ಒಂದು ಹೇಳ್ತೀನಿ. 2018ರ ಆಗಸ್ಟಲ್ಲಿ ಗುಡ್ಡ ಕುಸಿದಾಗ ನಾವು ಉಟ್ಟ ಬಟ್ಟೇಲಿ ಓಡಿ ಬಂದವರು. ಗಂಜಿ ಕೇಂದ್ರದಲ್ಲಿ ಹಳೇ ಬಟ್ಟೆ ರಾಶಿ ರಾಶಿ ಬಂದು ಬಿದ್ದಿತ್ತು, ಕಳಿಸಿದವರ ಮನಸ್ಸು ದೊಡ್ಡದೇ, ಆದ್ರೆ ಮಳೇಲಿ ನೆಂದು ಮುಗ್ಗು ವಾಸನೆ ಬರ್ತಿತ್ತು, ಹಾಕ್ಕೊಳ್ಳೋಕೆ ಆಗ್ತಿರಲಿಲ್ಲ. ಮೂರನೇ ದಿನ ಒಬ್ಬರು ಹುಡುಗಿ ಬಂದು ನನ್ನ ಪಕ್ಕ ಚಾಪೆ ಮೇಲೆ ಕೂತು ಆಂಟಿ ನಿಮ್ಮ ಚಪ್ಪಲಿ ಸೈಜ್ ಎಷ್ಟು ಅಂತ ಕೇಳಿದ್ಲು. ಒಂದು ಸಣ್ಣ ನೋಟ್‌ಬುಕ್ಕಲ್ಲಿ ಬರ್ಕೊಂಡು ಹೋದ್ಲು. ಸಂಜೆ ಆರು ನಂಬರಿನ ಹವಾಯಿ ಚಪ್ಪಲಿ ತಂದು ಕಾಲ ಹತ್ರ ಇಟ್ಲು, ಪಟ್ಟಿ ನೀಲಿ ಬಣ್ಣ. ಅಲ್ಲಿವರೆಗೂ ಅಳದೇ ಇದ್ದೋಳು ಆವತ್ತು ಅತ್ತೆ.

ಅವಳು ಯಾವ ಚರ್ಚೋ ಯಾವ ಸಂಘವೋ ಗೊತ್ತಿಲ್ಲ, ವಚನ ಹೇಳ್ಲಿಲ್ಲ, ಫೋಟೋ ತೆಗೀಲಿಲ್ಲ. ಕೇಳಿದ್ಲು, ಅಷ್ಟೇ. ಮೇಲೆ ಆ ತಂಗಿ "ಅಕ್ಕನಿಗೆ ಆವತ್ತು ಏನಿತ್ತು ಅಂತ ಕೇಳಿದ್ರಾ" ಅಂದಾಗ ನಂಗೆ ಆ ನೋಟ್‌ಬುಕ್ ಕಣ್ಣ ಮುಂದೆ ಬಂತು.

ನಿವೃತ್ತ ಮೇಷ್ಟ್ರು, ಮಡಿಕೇರಿ
ಗಲಾತ್ಯ 5:22ರಲ್ಲಿ ದೇವರಾತ್ಮದ ಫಲಗಳನ್ನ ಎಣಿಸುವಾಗ ನಮ್ಮ ಕನ್ನಡ ಸತ್ಯವೇದದಲ್ಲಿ ದಯೆ ಅಂತ ಒಂದು, ಅದರ ಪಕ್ಕದಲ್ಲೇ ಉಪಕಾರ ಅಂತ ಇನ್ನೊಂದು ಇದೆ. ಎರಡೂ ಒಂದೇ ಅಲ್ವಾ, ಯಾಕೆ ಎರಡು ಸಲ ಅಂತ ನಾನು ಬಹಳ ವರ್ಷ ಯೋಚಿಸ್ತಿದ್ದೆ. ಮಕ್ಕಂದೂರಿನ ತಾಯಿ ಹೇಳಿದ್ದು ಓದಿದ ಮೇಲೆ, ಬಟ್ಟೆ ರಾಶಿ ಕಳಿಸಿದ್ದು ಉಪಕಾರ, ಚಾಪೆ ಮೇಲೆ ಕೂತು ಸೈಜ್ ಕೇಳಿದ್ದು ದಯೆ ಅಂತ ನನಗೆ ಕಾಣ್ತಿದೆ. ಎರಡೂ ಬೇಕು.

ಹಾರಂಗಿ ನೀರು
ಅದೇ ಪಟ್ಟಿ ಕೊನೇಲಿ ಶಮೆದಮೆ ಅಂತ ಇದೆಯಲ್ಲ ಮೇಷ್ಟ್ರೇ, ಹಾಗಂದ್ರೆ ಎಂತ? ಚಿಕ್ಕಂದಿನಿಂದ ಬಾಯಿಪಾಠ ಹೇಳ್ತಿದ್ದೀನಿ, ಅರ್ಥ ಗೊತ್ತಿಲ್ಲ.

ನಿವೃತ್ತ ಮೇಷ್ಟ್ರು, ಮಡಿಕೇರಿ
ಶಮೆ ಅಂದ್ರೆ ಮನಸ್ಸನ್ನ ತಣ್ಣಗೆ ಇಟ್ಕೊಳ್ಳೋದು, ದಮೆ ಅಂದ್ರೆ ಇಂದ್ರಿಯಗಳನ್ನ ಹಿಡಿದಿಡೋದು. ಬಾಯಿಯೂ ಅದರಲ್ಲಿ ಸೇರುತ್ತಮ್ಮ.

ಗೋಣಿಕೊಪ್ಪ ಜೋ
ಮೇಷ್ಟ್ರೇ ಒಂದು ತಕರಾರು. ಬಟ್ಟೆ ಕಳಿಸಿದವರನ್ನ ಕಮ್ಮಿ ಮಾಡ್ಬಾರದು, ನಾನೂ ಆವತ್ತು ಮೂರು ಚೀಲ ಕಳಿಸಿದ್ದೆ, ಒಗೆದು ಮಡಚಿ ಕಳಿಸಿದ್ದೆ.

ಮಕ್ಕಂದೂರಿನವಳು
ಅಣ್ಣ ನಿಮ್ಮನ್ನ ಹೇಳಿದ್ದಲ್ಲ. ಒಗೆದು ಮಡಚಿದ್ದು ಬಂದಿತ್ತು, ನನ್ನ ಮಗ ಹಾಕ್ಕೊಂಡಿದ್ದ ಒಂದು ಸ್ವೆಟರ್ ಇವತ್ತಿಗೂ ಇಟ್ಟಿದ್ದೀನಿ. ನಿಮ್ಮದೇ ಇರಬಹುದು.

ವಿರಾಜಪೇಟೆ ಹುಡುಗ
ಕಾಫಿ ಹೂ ಅಕ್ಕ ಎಲ್ಲಿ ಹೋದ್ರು? ಏನಾಯ್ತು?

ಕಾಫಿ ಹೂ, ಸಿದ್ದಾಪುರ
ಇಲ್ಲೇ ಇದ್ದೀನಿ. ಎಲ್ಲರ ಮಾತೂ ಓದ್ತಿದ್ದೆ, ಕೆಲವನ್ನ ಎರಡು ಮೂರು ಸಲ. ನಿನ್ನೆ ಸಂಜೆ ಮಾಡಿದೆ, ಹೇಳ್ತೀನಿ.

ತೂಕ ಮುಗಿದ ಮೇಲೆ ಎಲ್ಲರೂ ಕಣದಲ್ಲೇ ಇದ್ರು, ಆರು ಜನರಲ್ಲಿ ಐದು ಜನ. ಮೊದಲೇ ಯೋಚಿಸಿಟ್ಕೊಂಡಿದ್ದ ಮಾತು ಒಂದೂ ಬಾಯಿಗೆ ಬರ್ಲಿಲ್ಲ. ಮಂಗಳವಾರ ನಾನು ಅಕ್ಕನಿಗೆ ಕೂಗಿದ್ದು ತಪ್ಪು, ಆರು ಕೆಜಿ ಕಳೆದಿದ್ದೂ ತಪ್ಪು, ಕ್ಷಮಿಸಿ ಅಕ್ಕ, ಇಷ್ಟೇ ಹೇಳಿದೆ. ಆರು ಕೆಜಿ ದುಡ್ಡು ಎಣಿಸಿ ಕೊಟ್ಟೆ. ಬೈಬಲಲ್ಲಿ ಸುಂಕದವ ಜಕ್ಕಾಯ ಮೋಸದಿಂದ ತಗೊಂಡಿದ್ದಕ್ಕೆ ನಾಲ್ಕರಷ್ಟು ಕೊಡ್ತೀನಿ ಅಂದಿದ್ದು ನೆನಪಾಗಿ ಜಾಸ್ತಿ ಕೊಡೋಕೆ ಹೋದೆ, ಅಕ್ಕ ಬೇಡ ಅಂದ್ರು, ನನ್ನದು ಎಷ್ಟೋ ಅಷ್ಟು ಸಾಕು ಅಂದ್ರು. ಎಣಿಸಿ ನೋಡಿ ಸೆರಗಿಗೆ ಗಂಟು ಹಾಕ್ಕೊಂಡ್ರು. ನಗ್ಲಿಲ್ಲ. ಬೇರೆಯವರೂ ಯಾರೂ ಮಾತಾಡ್ಲಿಲ್ಲ, ಒಬ್ಬರು ಚೀಲ ಕೊಡವಿದ್ರು.

ಆವತ್ತು ಮನೇಲಿ ಏನಾದ್ರೂ ತೊಂದ್ರೆ ಇತ್ತಾ ಅಕ್ಕ ಅಂತ ಹೊರಡುವಾಗ ಕೇಳಿದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿದ್ರು, ಆಮೇಲೆ ಇನ್ನೊಂದು ದಿನ ಹೇಳ್ತೀನಿ ಅಂದ್ರು. ನಾನು ಬಲವಂತ ಮಾಡ್ಲಿಲ್ಲ.

ಲೈನ್ ಮನೆ ಮಗಳು
ಇನ್ನೊಂದು ದಿನ ಹೇಳ್ತೀನಿ ಅಂದ್ರಲ್ಲ ಅಕ್ಕ, ಏನೂ ಇಲ್ಲ ಅಂತ ಹೇಳ್ಲಿಲ್ಲ. ಅದು ದೊಡ್ಡ ಮಾತು. ಎಲ್ಲರ ಎದುರು ಹೇಳಿದ್ದಕ್ಕೆ ಥ್ಯಾಂಕ್ಸ್, ಈ ಪೋಸ್ಟ್ ನಮ್ಮಮ್ಮಂಗೂ ಓದಿ ಹೇಳ್ತೀನಿ.

ಸಂಡೇ ಸ್ಕೂಲ್ ಟೀಚರ್
ಇವತ್ತು ವಚನ ಹಾಕಿದ್ರಾ?

ಕಾಫಿ ಹೂ, ಸಿದ್ದಾಪುರ
ಹಾಕಿದೆ ಟೀಚರ್, ಪ್ರಲಾಪಗಳು 3:22-23. ಕರುಣೆ ದಿನದಿನವೂ ಬೆಳಗ್ಗೆ ಹೊಸದಾಗುತ್ತೆ ಅನ್ನೋದು. ಕೆಳಗೆ ಈ ಸಲ ನಾನೇನೂ ಬರೀಲಿಲ್ಲ. ಅಕ್ಕ ನೋಡಿದ್ದಾರೆ, ಕೈಮುಗಿದ ಗುರುತು ಬಂದಿಲ್ಲ. ನಾಳೆ ಬೆಳಗ್ಗೆ ಕೆಲಸ ಶುರು ಆಗೋ ಮುಂಚೆ ಗೊಂಚಲು ತೋರಿಸಿ ಹೇಳ್ತೀನಿ, ಪೊನ್ನಂಪೇಟೆ ಅಣ್ಣನ ತಂದೆ ಮಾಡಿದ ಹಾಗೆ. ಹೆಕ್ಕಿದ ಕಾಫಿ ವಿಷಯ ನಮ್ಮ ಮನೆಯವರ ಹತ್ರ ಎತ್ತಿದ್ದೀನಿ, ಇನ್ನೂ ಹ್ಞೂ ಅಂದಿಲ್ಲ.

ತೋಟದ ಮನೆ ಪೊನ್ನಂಪೇಟೆ
ಒಳ್ಳೇದಾಯ್ತು ತಂಗಿ. ನಿಮ್ಮ ಕಡೆ ಮೋಡ ಉಂಟಾ? ಇಲ್ಲಿ ಕವಿದಿದೆ, ಕಣದಲ್ಲಿ ಕಾಫಿ ಇದ್ರೆ ಟಾರ್ಪಾಲ್ ಎಳ್ಕೊಳ್ಳಿ.

ಕಾಫಿ ಹೂ, ಸಿದ್ದಾಪುರ
ಹೌದಣ್ಣ ಇಲ್ಲೂ ಕತ್ತಲಾಗ್ತಿದೆ. ಅಕ್ಕ ಆಗಲೇ ಒಂದು ತುದಿ ಹಿಡ್ಕೊಂಡು ನಿಂತಿದ್ದಾರೆ, ಹೋಗ್ತೀನಿ.